ಯಾರು ಅಂತ ನಾವು ಹೇಳ್ತೀವಿ, ಯಾಕೆ ಅಂತ ಪುಸ್ತಕ ಹೇಳುತ್ತೆ

ಇವತ್ತು ಸುದ್ದಿಗೆ ಬರ ಬಂದಿದೆ ಅಂತೇನಲ್ಲ. ಆದರೂ ಕೊನೆಯ ಈ ಹತ್ತು ನಿಮಿಷವನ್ನು ಒಬ್ಬ ತಾಯಿಗೆ ಉತ್ತರ ಕೊಡೋದಕ್ಕೆ ಅಂತ ಎತ್ತಿಟ್ಟುಕೊಂಡಿದ್ದೇನೆ. ಆಕೆ ಕೇಳಿದ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ.

ತುಮಕೂರಿನಲ್ಲಿ ನಮ್ಮ ಸಂಬಂಧಿಕರ ಮದುವೆ. ಊಟ ಮುಗಿಸಿ ಕೈ ತೊಳೆಯೋ ಕಡೆ ನಿಂತಿದ್ದೆ. ಒಬ್ಬ ಹೆಣ್ಣುಮಗಳು ಮಗುವನ್ನ ಕೈಹಿಡಿದುಕೊಂಡು ಬಂದರು. "ಸರ್, ನೀವು ಟೀವಿಯಲ್ಲಿ ಬರ್ತೀರಲ್ವಾ? ರಾತ್ರಿ ಕ್ರೈಂ ಪ್ರೋಗ್ರಾಂ ಒಂದಿನಾನೂ ತಪ್ಪಿಸಲ್ಲ ಸರ್. ನಮ್ಮ ಪುಟ್ಟಿ ನಿಮ್ಮ ಥರಾನೇ ಮಾತಾಡ್ತಾಳೆ, ನೋಡಿ" ಅಂದರು. ಮಗುವಿಗೆ ನಾಲ್ಕು ವರ್ಷ ಇರಬಹುದು. "ಪುಟ್ಟಿ, ಮಾಮಂಗೆ ಮಾಡಿ ತೋರ್ಸು."

ಪುಟ್ಟಿ ಸೊಂಟಕ್ಕೆ ಕೈಯಿಟ್ಟಳು. ನನ್ನನ್ನೇ ನೆಟ್ಟಗೆ ನೋಡಿದಳು. "ಬೆಳ್ಳಂಬೆಳಗ್ಗೆ ಬರ್ಬರ ಹತ್ಯೆ! ಬೆಚ್ಚಿಬಿದ್ದ ಜನ!"

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅದೇ ಏರಿಳಿತ, 'ಬರ್ಬರ' ಆದಮೇಲೆ ನಾನು ಕೊಡೋ ಅದೇ ಸಣ್ಣ ಗ್ಯಾಪು. "ಸ್ಕೂಲಿಗೆ ಹೋಗ್ತೀಯಾ ಕಂದ? ಅ ಆ ಇ ಈ ಬರುತ್ತಾ?" ಅಂತ ಕೇಳಿದೆ. ಮಗು ಅಮ್ಮನ ಸೆರಗಿನ ಹಿಂದೆ ಹೋಯಿತು. "ಅದೊಂದು ಬರಲ್ಲ ಸರ್" ಅಂದರು ತಾಯಿ.

ವಾಪಸ್ ಬರುವಾಗ ಕಾರಿನಲ್ಲಿ ನಗು ನಿಂತುಹೋಯಿತು. ಆ ಮಗುವಿಗೆ ಅಕ್ಷರ ಕಲಿಸೋದಕ್ಕೆ ಅಂಗನವಾಡಿ ಇದೆ, ಶಾಲೆ ಇದೆ. 'ಬರ್ಬರ ಹತ್ಯೆ' ಕಲಿಸಿದ್ದು ಯಾರು? ನಾನು. ಅದೂ ಒತ್ತಕ್ಷರ ಸಮೇತ!

ಹೊರಡೋ ಮುಂಚೆ ಆ ತಾಯಿ ಒಂದು ಮಾತು ಕೇಳಿದ್ದರು. "ನಂಗೆ ಈ ಕೊಲೆ, ಪತ್ತೇದಾರಿ ಕಥೆ ಅಂದ್ರೆ ಪ್ರಾಣ ಸರ್, ಬಿಡೋಕಾಗಲ್ಲ. ಮಗೂಗೂ ಏನಾದ್ರೂ ಒಳ್ಳೇದು ಕಲಿಸ್ಬೇಕು. ಏನ್ಮಾಡ್ಲಿ?" ಅದಕ್ಕೆ ಇವತ್ತು ಉತ್ತರ.

ಅಮ್ಮಾ, ಮೊದಲನೇ ಮಾತು: ಕೊಲೆ ಕಥೆ ಇಷ್ಟ ಅನ್ನೋದು ತಪ್ಪಲ್ಲ. ಅದಕ್ಕೆ ನಾಚಿಕೆ ಬೇಡ. ಒಂದು ಕಾಲದಲ್ಲಿ ಕನ್ನಡ ನಾಡಿನ ಬಸ್‌ಸ್ಟ್ಯಾಂಡು, ಟೈಲರ್ ಅಂಗಡಿ, ಬಾಡಿಗೆ ಪುಸ್ತಕದ ಲೈಬ್ರರಿ, ಎಲ್ಲಿ ನೋಡಿದರೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ. ಅವರು ಶಾಲೆಯಲ್ಲಿ ಓದಿದ್ದು ಕಡಿಮೆ, ಬರೆದದ್ದು ನೂರಾರು ಪುಸ್ತಕ. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ ಓಡಿಯೇ ಕನ್ನಡವನ್ನ ಸರಾಗವಾಗಿ ಓದೋದು ಕಲಿತವರು ಎಷ್ಟು ಮಂದಿ! ದೊಡ್ಡ ಸಾಹಿತಿಗಳು ಮೂಗು ಮುರಿದಿರಬಹುದು. ಆದರೆ ಓದುವ ಚಟ ಹಿಡಿಸೋದು ಸುಲಭದ ಕೆಲಸ ಅಲ್ಲ ಸ್ವಾಮಿ.

ಹಾಗಾದರೆ ಈಗ ಏನು ಓದಬೇಕು? ಮೂರು ಪುಸ್ತಕ ಹೇಳ್ತೀನಿ. ಮೂರೂ ಕತ್ತಲೆಯ ಪುಸ್ತಕಗಳೇ.

ಒಂದು, ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. ಯಾಲಕ್ಕಿ ಬೆಳೆಯೋ ಗಂಡ ಹೆಂಡತಿ, ಸುರೇಶ ಮತ್ತು ಗೌರಿ. ಯಾಲಕ್ಕಿ ಮಾರಲು ಪೇಟೆಗೆ ಹೋಗಿ ಮನೆಗೆ ವಾಪಸ್ ಬರಬೇಕು, ಅಷ್ಟೇ ಕೆಲಸ. ಆ ಒಂದು ದಿನದೊಳಗೆ ಏನೇನಾಗುತ್ತೆ ಅನ್ನೋದು ಕಾದಂಬರಿ. ರಾತ್ರಿ ಹತ್ತಕ್ಕೆ ಹಿಡಿದರೆ ಮುಗಿಯೋವರೆಗೂ ದೀಪ ಆರಿಸೋಕಾಗಲ್ಲ. ಆದರೆ ಮುಗಿದ ಮೇಲೆ ನಿಮ್ಮ ತಲೆಯಲ್ಲಿ ಉಳಿಯೋದು ಯಾರೋ ಒಬ್ಬ ಖಳನಾಯಕನ ಮುಖ ಅಲ್ಲ. ಕಾಡನ್ನ ಲೂಟಿ ಮಾಡೋ ಒಂದು ಇಡೀ ವ್ಯವಸ್ಥೆ. ಅವರದೇ 'ಚಿದಂಬರ ರಹಸ್ಯ'ವನ್ನೂ ಇದರ ಜತೆಗೇ ಸೇರಿಸಿಕೊಳ್ಳಿ. ಯಾಲಕ್ಕಿ ವಿಜ್ಞಾನಿ ಒಬ್ಬರ ಸಾವಿನ ತನಿಖೆ ಅಂತ ಶುರುವಾಗುತ್ತೆ. ಓದ್ತಾ ಓದ್ತಾ ತನಿಖೆ ಆಗೋದು ಒಂದು ಊರಿನದ್ದು, ಅಲ್ಲಿನ ಜಾತಿ, ಕೋಮು, ದುಡ್ಡಿನದ್ದು. ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿ ಅಂದರೆ ಮೂಗು ಮುರಿಯೋರಿಗೆ ಅದೇ ಉತ್ತರ.

ಎರಡು, ಅಮೆರಿಕದ ಟ್ರೂಮನ್ ಕಪೋಟಿ ಬರೆದ 'ಇನ್ ಕೋಲ್ಡ್ ಬ್ಲಡ್'. ಇಂಗ್ಲಿಷ್ ಓದೋರು ದಯವಿಟ್ಟು ಓದಿ. ನಮ್ಮ ವೃತ್ತಿಯವರಂತೂ ಓದಲೇಬೇಕು. 1959ರ ನವೆಂಬರ್ 15. ಕ್ಯಾನ್ಸಸ್ ರಾಜ್ಯದ ಹಾಲ್‌ಕಂಬ್ ಅನ್ನೋ ಸಣ್ಣ ಊರು. ಒಬ್ಬ ರೈತ, ಆತನ ಹೆಂಡತಿ, ಇಬ್ಬರು ಮಕ್ಕಳು, ನಾಲ್ಕೂ ಜನರ ಕೊಲೆ. ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂದದ್ದು ಒಂದು ಸಣ್ಣ ಸುದ್ದಿ. ಅವತ್ತು ನಮ್ಮ ಚಾನೆಲ್ ಇದ್ದಿದ್ದರೆ ಮೂರು ದಿನ ಓಡಿಸಿ, ನಾಲ್ಕನೇ ದಿನ ಮರೆತುಬಿಡ್ತಿದ್ವಿ. ಕಪೋಟಿ ಆ ಊರಿಗೇ ಹೋದರು. ಜತೆಗೆ ಗೆಳತಿ ಹಾರ್ಪರ್ ಲೀ, ಮುಂದೆ 'ಟು ಕಿಲ್ ಎ ಮಾಕಿಂಗ್ ಬರ್ಡ್' ಕಾದಂಬರಿಯಿಂದ ಹೆಸರಾದವರು. ನೆರೆಹೊರೆಯವರ ಹತ್ತಿರ ಕೂತರು, ಪೊಲೀಸರ ಹತ್ತಿರ ಕೂತರು, ಕೊನೆಗೆ ಕೊಲೆ ಮಾಡಿದ ಇಬ್ಬರ ಹತ್ತಿರವೂ ಕೂತರು. 1965ರಲ್ಲಿ ಆ ಇಬ್ಬರಿಗೆ ಗಲ್ಲಾಯಿತು. ಅದಾದ ಮೇಲೆಯೇ ಪುಸ್ತಕ ಪೂರ್ತಿ ಆಗಿದ್ದು. ಒಂದು ಸಣ್ಣ ಸುದ್ದಿಯ ಹಿಂದೆ ಸುಮಾರು ಆರು ವರ್ಷ! ಅದರಲ್ಲಿ ಕೆಲವು ಸನ್ನಿವೇಶಗಳನ್ನು ಅವರೇ ಕಟ್ಟಿದ್ದಾರೆ ಅನ್ನೋ ಆಕ್ಷೇಪವೂ ಇದೆ, ಅದನ್ನೂ ತಿಳಿದುಕೊಂಡೇ ಓದಿ. ಆದರೆ ಸುದ್ದಿ ಎಲ್ಲಿ ನಿಂತಿತೋ ಅಲ್ಲಿಂದ ಪುಸ್ತಕ ಶುರುವಾಯಿತು ಅನ್ನೋದು ಮಾತ್ರ ನಿಜ.

ಮೂರನೆಯದು, ವಿವೇಕ ಶಾನಭಾಗರ 'ಘಾಚರ್ ಘೋಚರ್'. ಇದರಲ್ಲಿ ಪೊಲೀಸ್ ಇಲ್ಲ, ಲಾಂಗು ಮಚ್ಚು ಇಲ್ಲ. ಬೆಂಗಳೂರಿನ ಒಂದು ಮಧ್ಯಮ ವರ್ಗದ ಕುಟುಂಬ. ಸಣ್ಣ ಮನೆ, ಇರುವೆ ಕಾಟ, ತಿಂಗಳ ಕೊನೆಗೆ ಲೆಕ್ಕಾಚಾರ. ಚಿಕ್ಕಪ್ಪ ಮಸಾಲೆ ವ್ಯಾಪಾರ ಶುರು ಮಾಡ್ತಾನೆ, ದುಡ್ಡು ಬರುತ್ತೆ. ದುಡ್ಡಿನ ಜತೆ ಇನ್ನೇನೋ ಒಳಗೆ ಬರುತ್ತೆ. ಪುಸ್ತಕ ತೆಳ್ಳಗಿದೆ, ಒಂದು ಭಾನುವಾರಕ್ಕೆ ಮುಗಿಯುತ್ತೆ. ಮುಗಿಸಿ ಮುಚ್ಚಿದ ಮೇಲೆ ನಿಮ್ಮದೇ ಡೈನಿಂಗ್ ಟೇಬಲ್ ನೋಡಿ ಒಂದು ಕ್ಷಣ ಭಯವಾಗುತ್ತೆ. ಏನಾಯಿತು ಅಂತ ನಾನು ಹೇಳಲ್ಲ. ಲೇಖಕರೂ ಪೂರ್ತಿ ಹೇಳಲ್ಲ.

ಈ ಪುಸ್ತಕದ ಹೆಸರು ಯಾವ ಭಾಷೆಯದ್ದು ಅಂತ ನೀವು ಕೇಳಬಹುದು. ಯಾವ ನಿಘಂಟಿನಲ್ಲೂ ಸಿಗೋ ಪದ ಅಲ್ಲ. ಕಥೆಯೊಳಗೆ ಅಕ್ಕ ತಮ್ಮ ಚಿಕ್ಕವರಿದ್ದಾಗ ಗಾಳಿಪಟದ ದಾರ ಬಿಡಿಸಲಾಗದಂತೆ ಸಿಕ್ಕಾದಾಗ ಹುಟ್ಟಿಸಿಕೊಂಡ ಮಾತು ಅದು. ನೋಡಿ, ದೊಡ್ಡವರ ಇಷ್ಟೊಂದು ಕತ್ತಲೆಯ ಕಥೆಗೆ ಹೆಸರು ಬಂದದ್ದು ಮಕ್ಕಳ ಆಟದಿಂದ!

ನನ್ನ ಎರಡನೇ ಮಾತು ಇಲ್ಲಿಂದಲೇ ಶುರು. ಕೊಲೆ ಕಥೆ ಒಂದು ತುದಿ, ಮಕ್ಕಳ ಪುಸ್ತಕ ಇನ್ನೊಂದು ತುದಿ ಅಂತ ನಾವು ಅಂದುಕೊಂಡಿದ್ದೀವಿ. ನಿಜವಾಗ್ಲೂ ಹಾಗಿದೆಯಾ? ಕನ್ನಡದ ಮಗು ಕೇಳೋ ಮೊದಲ ಕಥೆ ಯಾವುದು? ಪುಣ್ಯಕೋಟಿ. ಅದರಲ್ಲಿ ಹಸಿದ ಹುಲಿ ಇದೆ, ಕಾಯ್ತಾ ಇರೋ ಕರು ಇದೆ, ಕೊನೆಗೆ ಒಂದು ಸಾವೂ ಇದೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ತಗೊಳ್ಳಿ. ದೊಡ್ಡವರು ಕೊಟ್ಟ ಮಾತಿಗೆ ತಪ್ಪಿದರು, ಊರಿನ ಮಕ್ಕಳೇ ಮಾಯವಾದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸಾಮೂಹಿಕ ನಾಪತ್ತೆ ಪ್ರಕರಣ! ತಲೆತಲಾಂತರದಿಂದ ಮಕ್ಕಳು ಇವನ್ನ ಕೇಳಿದ್ದಾರೆ, ಅತ್ತಿದ್ದಾರೆ, ಮತ್ತೆ ಹೇಳು ಅಂತ ಹಟ ಮಾಡಿದ್ದಾರೆ.

ಹಾಗಾದರೆ ಪುಣ್ಯಕೋಟಿಗೂ ನನ್ನ ಕ್ರೈಂ ಪ್ರೋಗ್ರಾಂಗೂ ಏನು ವ್ಯತ್ಯಾಸ? ಎರಡು ವ್ಯತ್ಯಾಸ ಇದೆ.

ಒಂದು, ಕಥೆಯಲ್ಲಿ 'ಯಾಕೆ' ಇದೆ. ಹಸು ಯಾಕೆ ವಾಪಸ್ ಬಂತು? ಮಾತು ಕೊಟ್ಟಿತ್ತು. ಹುಲಿ ಯಾಕೆ ಹಾಗೆ ಮಾಡ್ತು? ಮನಸ್ಸು ಕರಗಿತು. ನಾವು ಪರದೆ ಮೇಲೆ ಯಾರು, ಎಲ್ಲಿ, ಎಷ್ಟು ಸಲ ಚುಚ್ಚಿದ ಅಂತ ಹೇಳ್ತೀವಿ. 'ಯಾಕೆ' ಅನ್ನೋ ಜಾಗಕ್ಕೆ 'ಅನೈತಿಕ ಸಂಬಂಧ' ಅಂತ ಒಂದು ಪಟ್ಟಿ ಓಡಿಸಿ ಬ್ರೇಕಿಗೆ ಹೋಗ್ತೀವಿ.

ಇನ್ನೊಂದು, ಕಥೆ ಹೇಳುವಾಗ ಮಗುವಿನ ಪಕ್ಕ ಒಂದು ಮೈಶಾಖ ಇರುತ್ತೆ. ಹೆದರಿದರೆ ತಬ್ಬಿಕೊಳ್ಳಬಹುದು, "ಕರು ಅಳ್ತಾ ಇದೆಯಾ ಅಜ್ಜಿ?" ಅಂತ ನಡುವೆ ತಡೆದು ಕೇಳಬಹುದು. ನನ್ನನ್ನ ತಡೆಯೋಕೆ ಆ ಮಗುವಿಗೆ ಸಾಧ್ಯವಾ? ರಿಮೋಟ್ ಅಮ್ಮನ ಕೈಯಲ್ಲಿರುತ್ತೆ.

ಇದು ನನ್ನ ಭಾವನೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಕೊಟ್ಟಿತು. ಎರಡು ವರ್ಷ ತುಂಬುವ ತನಕ ಪರದೆ ಮುಂದೆ ಕೂರಿಸೋದೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮಗು ಕೂತಿರೋ ಹೊತ್ತಿನಲ್ಲಿ ಏನು ಮಾಡಬೇಕು? ಅದರ ಜತೆ ಓದಿ, ಕಥೆ ಹೇಳಿ ಅನ್ನುತ್ತೆ ಅದೇ ಮಾರ್ಗಸೂಚಿ. ನಮ್ಮ ಅಜ್ಜಿಯರು ಯಾವ ಮಾರ್ಗಸೂಚಿನೂ ಓದದೆ ಇದನ್ನೇ ಮಾಡಿದ್ದರು.

ಈಗ ಮಗುವಿಗೆ ಯಾವ ಪುಸ್ತಕ? ಶುರುವಿಗೆ ಜಿ.ಪಿ. ರಾಜರತ್ನಂ ಅವರ ಶಿಶುಗೀತೆ. ತುತ್ತೂರಿ ಹಿಡಿದು ಜಂಬ ಪಟ್ಟು, ಕೊನೆಗೆ ಆ ತುತ್ತೂರಿಯನ್ನೇ ಕೊಳಕ್ಕೆ ಜಾರಿಸಿಕೊಂಡ ಕಸ್ತೂರಿಯನ್ನ ಮೂರು ವರ್ಷದ ಮಗುವಿಗೆ ಪರಿಚಯ ಮಾಡಿಸಿ, ನೀತಿ ಪಾಠ ಬೇರೆ ಬೇಕಾಗಲ್ಲ. ಆಮೇಲೆ ಚಿತ್ರದ ಪುಸ್ತಕ. ಬೆಂಗಳೂರಿನದೇ ಸಂಸ್ಥೆ ಪ್ರಥಮ್ ಬುಕ್ಸ್. ಅವರ ಸ್ಟೋರಿವೀವರ್ ಅನ್ನೋ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು ಕೈಗೆಟಕುವ ಬೆಲೆಯಲ್ಲಿವೆ. ಹಳ್ಳಿಯಲ್ಲಿದ್ದೀರಾ? ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ, ಈಗ ಅದನ್ನ ಅರಿವು ಕೇಂದ್ರ ಅಂತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಪಟ್ಟಣದವರು ಗಮನವಿಟ್ಟು ಕೇಳಿ: ನೀವು ಕಟ್ಟೋ ಆಸ್ತಿ ತೆರಿಗೆ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ತಾ ಇದ್ದೀರಿ. ದುಡ್ಡು ಆಗಲೇ ಕೊಟ್ಟಾಗಿದೆ, ಪುಸ್ತಕ ತಗೊಂಡು ಬರೋದು ಮಾತ್ರ ಬಾಕಿ. ಬೀಗ ಹಾಕಿದ್ದರೆ, ಮಕ್ಕಳ ಪುಸ್ತಕ ಇಲ್ಲದಿದ್ದರೆ, ಕೇಳಿ. ಕೇಳೋದು ನಿಮ್ಮ ಹಕ್ಕು.

ಓದಿಸೋದು ಹೇಗೆ? ಮಗುವನ್ನ ಪಕ್ಕ ಕೂರಿಸಿಕೊಳ್ಳಿ. ಓದೋ ಪದದ ಕೆಳಗೆ ಬೆರಳು ಇಡ್ತಾ ಹೋಗಿ. ಇದು ಏನು ಅಕ್ಷರ ಹೇಳು, ಅದು ಏನು ಹೇಳು ಅಂತ ಪರೀಕ್ಷೆ ಮಾಡಬೇಡಿ. "ಮುಂದೇನಾಗುತ್ತೆ?" ಅಂತ ಕೇಳಿ. ಅದೇ ಕಥೆಯನ್ನ ಹತ್ತನೇ ಸಲ ಓದು ಅಂದರೆ ಬೇಜಾರು ಮಾಡ್ಕೋಬೇಡಿ. ಕಲಿಕೆ ಆಗೋದು ಆ ಹತ್ತನೇ ಸಲದಲ್ಲೇ. ನಿಮಗೇ ಸರಾಗವಾಗಿ ಓದೋಕೆ ಬರಲ್ವಾ? ಚಿತ್ರ ನೋಡಿ ಕಥೆ ಕಟ್ಟಿ ಹೇಳಿ. ಮಗು ನಂಬರ್ ಕೊಡಲ್ಲ.

ಕೊನೆಗೆ ಒಂದು ಪುಸ್ತಕ, ಇದು ಅಪ್ಪ ಅಮ್ಮನಿಗೆ. 'ತೊತ್ತೋಚಾನ್', ಕನ್ನಡದಲ್ಲೂ ಸಿಗುತ್ತೆ. ಬರೆದವರು ಜಪಾನಿನ ತೆತ್ಸುಕೊ ಕುರೊಯಾನಗಿ. ಇವರು ನಮ್ಮ ವೃತ್ತಿಯವರೇ. 1976ರಿಂದ ಟೀವಿಯಲ್ಲಿ ಮಾತುಕತೆಯ ಕಾರ್ಯಕ್ರಮ ನಡೆಸಿಕೊಂಡು ಬಂದವರು. ಒಂದನೇ ಕ್ಲಾಸಿನಲ್ಲೇ, ಈ ಹುಡುಗಿ ತರಗತಿ ಕೆಡಿಸ್ತಾಳೆ ಅಂತ ಶಾಲೆಯಿಂದ ಹೊರಗೆ ಹಾಕಿದ್ದರು ಅವರನ್ನ. ಅಮ್ಮ ಇನ್ನೊಂದು ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಹಳೇ ರೈಲು ಬೋಗಿಗಳೇ ತರಗತಿ. ಅಲ್ಲಿನ ಮುಖ್ಯೋಪಾಧ್ಯಾಯರು ಕೊಬಾಯಾಶಿ ಅಂತ. ಮೊದಲ ದಿನ ಅವರು ಆ ಪುಟ್ಟ ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು, ನಿನಗೆ ಹೇಳಬೇಕು ಅನಿಸಿದ್ದನ್ನೆಲ್ಲ ಹೇಳು ಅಂದರು. ಆಕೆ ಹೇಳ್ತಾ ಹೋದಳು. ಅವರು ನಾಲ್ಕು ಗಂಟೆ ಕೇಳಿದರು. ಒಂದು ಸಲವೂ ಆಕಳಿಸಲಿಲ್ಲ.

ನಾಲ್ಕು ಗಂಟೆ! ನಮ್ಮ ಚರ್ಚೆಯಲ್ಲಿ ನಾಲ್ಕು ಸೆಕೆಂಡು ಯಾರನ್ನಾದರೂ ಮಾತಾಡೋಕೆ ಬಿಡ್ತೀನಾ ನಾನು? ಆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಆ ನಾಲ್ಕು ಗಂಟೆ ಮಾತ್ರ ಸುಡಲಿಲ್ಲ. ಮುಂದೆ ಆ ಹುಡುಗಿ ಬೇರೆಯವರ ಮಾತು ಕೇಳೋದನ್ನೇ ಬದುಕು ಮಾಡಿಕೊಂಡಳು.

ಹಾಗಾಗಿ ಅಮ್ಮಾ, ತುಮಕೂರಿನ ಆ ತಾಯಿ, ನೀವೆಲ್ಲೇ ಇದ್ದರೂ ಕೇಳಿ. ನಿಮ್ಮ ಕೊಲೆ ಕಥೆ ಬಿಡಬೇಡಿ. ಮಗು ಮಲಗಿದ ಮೇಲೆ 'ಜುಗಾರಿ ಕ್ರಾಸ್' ಹಿಡಿಯಿರಿ. ಮಗು ಎದ್ದಿರುವಾಗ ಒಂದು ಹದಿನೈದು ನಿಮಿಷ ಟೀವಿ ಆಫ್ ಮಾಡಿ. ಹೌದು, ನನ್ನ ಕಾರ್ಯಕ್ರಮ ಬರ್ತಾ ಇದ್ದರೂ ಆಫ್ ಮಾಡಿ. ಟಿಆರ್‌ಪಿ ಬಿದ್ದರೆ ಮೇಲಿನವರಿಗೆ ಉತ್ತರ ಹೇಳೋದು ನನ್ನ ಕೆಲಸ.

ಇನ್ನೊಂದು ಮಾತು, ಇದು ನನಗೆ ನಾನೇ ಹೇಳಿಕೊಳ್ಳೋದು. ನಾಳೆಯಿಂದ ಆ ಪ್ರೋಗ್ರಾಂನಲ್ಲಿ 'ಯಾಕೆ' ಅನ್ನೋದಕ್ಕೂ ಒಂದಿಷ್ಟು ಹೊತ್ತು ಇಡ್ತೀನಿ. 'ಬರ್ಬರ' ಅನ್ನೋ ಪದದ ಹಿಂದೆ ಕೊಡೋ ಆ ಗ್ಯಾಪನ್ನ ಬಿಡ್ತೀನಿ. ಮತ್ತೆ ಯಾವುದಾದರೂ ಮದುವೆ ಮನೆಯಲ್ಲಿ ಪುಟ್ಟಿ ಸಿಕ್ಕರೆ, ಸೊಂಟಕ್ಕೆ ಕೈಯಿಟ್ಟು ಕಸ್ತೂರಿಯ ತುತ್ತೂರಿ ಕಥೆ ಹೇಳಲಿ. ನಾನು ಕೈ ತೊಳೆಯೋದು ಬಿಟ್ಟು ನಿಂತು ಕೇಳ್ತೀನಿ.