‘ಹೋಯ್ತು’ ಅಲ್ಲ, ‘ಕಳೆದೆ’: ಕೈಗೆ ಕಟ್ಟಿದ ವಾಚು ಮತ್ತು ಎಲಿ ಆಟದ ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

 

ಮೊನ್ನೆ ಜೇವರ್ಗಿ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡೀತಾ ನಿಂತಿದ್ದೆ. ಬಾಜೂಕ ನಿಂತಿದ್ದ ಒಬ್ಬ ಹುಡುಗ ನನ್ನ ಕೈ ನೋಡಿ ಕೇಳಿದ, "ಅಣ್ಣಾ, ಫೋನಿನಾಗ ಟೈಮ್ ಇರ್ತದಲ್ಲ, ಮತ್ತ ಈ ಹಳೀ ವಾಚ್ ಯಾಕ ಕಟ್ಟೀರಿ? ಫ್ಯಾಶನ್ನೇನು?" ನಾನು ನಕ್ಕು ಸುಮ್ಮನಾದೆ. ಯಾಕಂದ್ರೆ ಉತ್ತರ ಒಂದು ಕಪ್ ಚಹಾದಾಗ ಮುಗಿಯೋದಲ್ಲ. ಇವತ್ತು ಆ ಉತ್ತರ ಹೇಳ್ತೀನಿ. ಅದರಲ್ಲಿ ಒಂದು ವಾಚ್ ಇದೆ, ಒಂದಿಷ್ಟು ತೊಗರಿ ಇದೆ, ಪೋಕರ್ ಇದೆ, ನನ್ನದೇ ಒಂದು ತಪ್ಪೂ ಇದೆ.

ಮೊದಲು ಆಟದ ಕಥೆ. ಡಿಗ್ರಿ ಓದುವಾಗ ಕಲಬುರಗಿಯಲ್ಲಿ ನಾವು ಮೂವರು ಒಂದೇ ರೂಮಲ್ಲಿದ್ವಿ. ನಾನು ಆಳಂದ ತಾಲ್ಲೂಕಿನವ, ಒಬ್ಬ ಅಫಜಲಪುರದವ, ಇನ್ನೊಬ್ಬ ಜೇವರ್ಗಿಯವ. ಹೆಸರು ಬೇಡ, ಊರಿನ ಹೆಸರಲ್ಲೇ ಕರೀತೀನಿ. ಮೂವರಿಗೂ ಎಲಿ ಆಟದ ರುಚಿ ಮನೆಯಿಂದಲೇ ಬಂದಿತ್ತು. ದೀಪಾವಳಿ ಬಂದರೆ ಕಟ್ಟೆ ಮೇಲೆ ದೊಡ್ಡವರು ಎಲಿ ಹಂಚೋದು, ನಾವು ಹಿಂದೆ ನಿಂತು ಅವರ ಎಲಿ ಇಣುಕಿ ನೋಡೋದು, ಬೈಸಿಕೊಳ್ಳೋದು. ಪೋಕರ್ ಕಲಿತಿದ್ದು ಮಾತ್ರ ಯೂಟ್ಯೂಬ್ ನೋಡಿ. ಚಿಪ್ಸ್ ಎಲ್ಲಿಂದ ತರೋಣ? ನಮ್ಮದು ತೊಗರಿ ಸೀಮೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕಿದ್ದು ನಿಮಗೂ ಗೊತ್ತಿರಬಹುದು. ತೊಗರಿ ಕಾಳು ಒಂದಕ್ಕೆ ಒಂದು, ಕಡಲಿ ಐದಕ್ಕೆ, ಶೇಂಗಾ ಹತ್ತಕ್ಕೆ. ಸೋತವನು ಮಿರ್ಚಿ ಭಜಿ ತರಬೇಕು. ಅಷ್ಟೇ ಪಂತ.

ಆಟಕ್ಕಿಂತ ಮಾತೇ ಮಜಾ ಇತ್ತು. ಜೇವರ್ಗಿಯವನದು ಒಂದೇ ಮಂತ್ರ, "ಬರ್ತದ ಬಿಡು." ಕೈಯಲ್ಲಿ ಎರಡು ಇಸ್ಪೀಟು, ನೆಲದ ಮೇಲೆ ಬಿದ್ದ ಮೂರರಲ್ಲಿ ಎರಡು ಇಸ್ಪೀಟು, ಇನ್ನೊಂದು ಬಂದರೆ ಫ್ಲಶ್. "ಬರ್ತದ ಬಿಡು" ಅಂತ ಶೇಂಗಾ ಎಲ್ಲಾ ನಡುವೆ ತಳ್ಳೋನು. ಲೆಕ್ಕ ನೋಡಿ. ಕಾಣದ ಎಲಿ 47. ಅದರಲ್ಲಿ ಅವನಿಗೆ ಬೇಕಾದ್ದು 9. ಮುಂದಿನ ಎಲಿಯಲ್ಲೇ ಬರೋ ಸಾಧ್ಯತೆ ಶೇ. 19ರಷ್ಟು. ಉಳಿದ ಎರಡೂ ಎಲಿ ನೋಡ್ತೀನಿ ಅಂದರೂ ಶೇ. 35. ಅಂದರೆ ಮೂರು ಸಲಕ್ಕೆ ಹೆಚ್ಚುಕಮ್ಮಿ ಒಂದು ಸಲ ಬರ್ತದೆ. ಆದರೆ ಬಂದಿದ್ದು ಅವನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗೋನು. ಬಾರದೇ ಇದ್ದ ಎರಡು ಸಲ ಅವನಿಗೆ ನೆನಪೇ ಇರ್ತಿರಲಿಲ್ಲ.

ಅಫಜಲಪುರದವನದು ಬೇರೆ ರಾಗ. "ನಾ ಬರೋಬ್ಬರಿ ಆಡಿದ್ದೆ, ಎಲಿ ಕೈ ಕೊಡ್ತು." ಎರಡು ಎಕ್ಕಾ ಹಿಡಿದು ಎರಡು ರಾಜಾ ಹಿಡಿದವನ ಎದುರು ಸೋತರೆ ಮೂರು ದಿನ ಅದೇ ಕಥೆ. ಪೋಕರ್ ಆಡೋರು ಇದಕ್ಕೆ ಬ್ಯಾಡ್ ಬೀಟ್ ಅಂತಾರೆ. ಪ್ರಪಂಚದ ಯಾವ ಮೂಲೆಯಲ್ಲಿ ಪೋಕರ್ ಆಡೋರು ಸೇರಿದರೂ ಈ ಕಥೆ ತಪ್ಪದು, ಕೇಳೋರಿಗೆ ಬೇಸರಾನೂ ತಪ್ಪದು. ಲೆಕ್ಕದ ಪ್ರಕಾರ ಎರಡು ಎಕ್ಕಾ ಎರಡು ರಾಜಾನ ಎದುರು ನೂರಕ್ಕೆ ಸುಮಾರು 82 ಸಲ ಗೆಲ್ತದೆ. ಐದಾರು ಸಲಕ್ಕೊಮ್ಮೆ ಸೋಲಲೇಬೇಕು. ಎಲಿ ಯಾರಿಗೂ ಕೈ ಕೊಟ್ಟಿಲ್ಲ, ಎಲಿ ತನ್ನ ಲೆಕ್ಕ ತಾನು ಚುಕ್ತಾ ಮಾಡಿದೆ.

ನಾನೇನು ಕಡಿಮೆ ಇರಲಿಲ್ಲ. ಸೋತ ಮೇಲೆ "ನಂಗ ಮೊದಲೇ ಗೊತ್ತಿತ್ತು" ಅಂತಿದ್ದೆ. "ಗೊತ್ತಿದ್ರ ಯಾಕ ಹಾಕಿದೆಪಾ?" ಅಂತ ಇಬ್ಬರೂ ಮೈಮೇಲೆ ಬರೋರು.

ಇನ್ನು ಮೂವರೂ ಸೇರಿ ಆಡ್ತಿದ್ದ ಮಾತು ಒಂದಿತ್ತು. "ಇದೊಂದ ಆಟ, ಲಾಸ್ಟ್." ಒಂದು ರಾತ್ರಿಗೆ ಎಷ್ಟು ಲಾಸ್ಟ್ ಆಗ್ತಿದ್ದವೋ ದೇವರಿಗೇ ಗೊತ್ತು. ಆದರೂ ಆಟ ನಿಲ್ತಿತ್ತು ನೋಡ್ರಿ. ಕರೆಂಟ್ ಹೋಗ್ತಿತ್ತು. ಒಬ್ಬ ಆಕಳಿಸ್ತಿದ್ದ, ಅವನನ್ನು ನೋಡಿ ಇನ್ನೊಬ್ಬ ಆಕಳಿಸ್ತಿದ್ದ. ಮನೆ ಮಾಲೀಕರು ಕೆಮ್ಮಿದರೂ ಸಾಕಿತ್ತು. ಮನುಷ್ಯರು ಸೇರಿ ಆಡೋ ಆಟಕ್ಕೆ ಮನುಷ್ಯರ ದಣಿವೇ ಗಡಿಯಾರ.

ಡಿಗ್ರಿ ಮುಗೀತು. ಅವರಿಬ್ಬರೂ ಊರಿಗೆ ಹೋದರು. ನಾನು ಪರೀಕ್ಷೆಗೆ ಓದ್ತೀನಿ ಅಂತ ಕಲಬುರಗಿಯಲ್ಲೇ ಉಳಿದೆ. ಆಟ ಫೋನಿಗೆ ಬಂತು. ಆಗ ಅದು ನಡೀತಿತ್ತು. ರಾಜ್ಯ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದ ಆನ್‌ಲೈನ್ ಜೂಜಿನ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತ್ತು. ಇದು ಕೌಶಲದ ಆಟ, ನಾನು ಲೆಕ್ಕ ಬಲ್ಲವ ಅಂತ ನಾನೂ ಎದೆ ಉಬ್ಬಿಸಿಕೊಂಡಿದ್ದೆ.

ಫೋನಿನ ಪೋಕರ್‌ನಲ್ಲಿ ಒಂದು ಗಡಿಯಾರ ಇರ್ತದೆ. ನಿಮ್ಮ ಸರದಿ ಬಂದಾಗ ಸೆಕೆಂಡುಗಳನ್ನ ಎಣಿಸ್ತದೆ. ಅದು ಮುಗಿದರೆ ಇನ್ನಷ್ಟು ಸೆಕೆಂಡು ಕೊಡ್ತದೆ, ಅದರ ಹೆಸರು ಟೈಮ್ ಬ್ಯಾಂಕ್. ಆದರೆ ಅದು ಸೆಕೆಂಡು ಮಾತ್ರ ಎಣಿಸ್ತದೆ, ತಾಸು ಎಣಿಸೋದಿಲ್ಲ. ಆಟ ಫುಲ್ ಸ್ಕ್ರೀನ್ ಆದ ಕೂಡಲೇ ಫೋನಿನ ಮೇಲ್ತುದಿಯಲ್ಲಿದ್ದ ಟೈಮ್ ಮಾಯ. ಎದುರಿನವ ಎದ್ದು ಹೋದರೆ ಆ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಯಾರೂ ಆಕಳಿಸೋದಿಲ್ಲ. ಎದುರಾ ಎದುರು ಕೂತು ಆಡಿದರೆ ತಾಸಿಗೆ ಇಪ್ಪತ್ತೈದು ಮೂವತ್ತು ಆಟ ಆದರೆ ಹೆಚ್ಚು. ಫೋನಲ್ಲಿ ಅದರ ಎರಡರಷ್ಟು ಸುಲಭವಾಗಿ ಆಗ್ತದೆ.

2024ರ ಜನವರಿ. ತೊಗರಿ ಕಟಾವಿನ ಹೊತ್ತು. ಹೊಲದಲ್ಲಿ ಹನ್ನೊಂದು ಹೆಣ್ಣಾಳು ಒಂದು ವಾರ ದುಡಿದಿದ್ದರು. ಅವರ ಪಗಾರಕ್ಕೆ ಅಂತ ಅಪ್ಪ ನನ್ನ ಖಾತೆಗೆ 16,000 ರೂಪಾಯಿ ಹಾಕಿಸಿದ್ದರು. ನಾನು ಶನಿವಾರ ತೆಗೆದುಕೊಂಡು ಊರಿಗೆ ಹೋಗಬೇಕು. ಶುಕ್ರವಾರ ರಾತ್ರಿ ಊಟ ಆದ ಮೇಲೆ ‘ಒಂದೆರಡು ಆಟ’ ಅಂತ ಕೂತೆ. ನನ್ನದು ಅಂತ ಇದ್ದ ಸ್ವಲ್ಪ ದುಡ್ಡು ಮೊದಲ ತಾಸಲ್ಲೇ ಮುಗೀತು. ಆಮೇಲೆ ಆಡಿದ್ದು ಯಾರ ದುಡ್ಡು ಅಂತ ನಿಮಗೆ ಗೊತ್ತಾಯ್ತು. ಒಳಗೆ ಜೇವರ್ಗಿಯವ ಹೇಳ್ತಿದ್ದ, "ಬರ್ತದ ಬಿಡು." ಅಫಜಲಪುರದವ ಹೇಳ್ತಿದ್ದ, "ಎಲಿ ಕೈ ಕೊಡ್ತು." ನಾನು ಹೇಳ್ತಿದ್ದೆ, "ಇದೊಂದ ಆಟ." ಮೂರೂ ಮಾತು ಈಗ ನನ್ನ ತಲೆಯೊಳಗೇ ಇದ್ದವು. "ಯಾಕ ಹಾಕಿದೆಪಾ?" ಅಂತ ಕೇಳೋರು ಮಾತ್ರ ಇರಲಿಲ್ಲ.

ಬೆಳಗಾಗೋ ಹೊತ್ತಿಗೆ 11,400 ರೂಪಾಯಿ ಇರಲಿಲ್ಲ.

ಊರಿಗೆ ಹೋದೆ. ಸುಳ್ಳು ಹೇಳಬೇಕು ಅಂತಲೇ ಹೊರಟಿದ್ದೆ. ಅಂಗಳದಲ್ಲಿ ಇಬ್ಬರು ಹೆಣ್ಣುಮಕ್ಕಳು ಕೂತಿದ್ದರು. "ತಮ್ಮಾ, ರೊಕ್ಕ ತಂದೀ?" ಅಂತ ಕೇಳಿದರು. ಸುಳ್ಳು ಬಾಯಿಗೆ ಬರಲಿಲ್ಲ. ಒಳಗೆ ಹೋಗಿ ಅಪ್ಪನ ಮುಂದೆ, "ಆಟದಾಗ ಹನ್ನೊಂದು ಸಾವಿರದ ನಾಕನೂರು ಹೋಯ್ತಪ್ಪಾ" ಅಂದೆ.

ಅಪ್ಪ ಹೊಡೀಲಿಲ್ಲ, ಬೈಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಂದೇ ಮಾತು ಕೇಳಿದರು. "ಎಷ್ಟ ಹೊತ್ತ ಆಡಿದಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ರೂಪಾಯಿ ಅನ್ನೋದು ಪೈಸೆ ಸಮೇತ ಗೊತ್ತಿತ್ತು. ಎಷ್ಟು ಹೊತ್ತು ಅನ್ನೋದು ಗೊತ್ತಿರಲಿಲ್ಲ. "ಟೈಮ್ ಹೋಗಿದ್ದ ಗೊತ್ತಾಗ್ಲಿಲ್ಲ" ಅಂದೆ. ಆಗ ಅಪ್ಪ ಅಂದಿದ್ದು ಇಷ್ಟೇ: "ರೊಕ್ಕಾನೂ ಹೋಯ್ತು, ಟೈಮೂ ಹೋಯ್ತು. ಅವಕ್ಕ ಕಾಲದಾವೇನು?"

ಆವತ್ತು ಮಾಮನ ಹತ್ತಿರ ಕೈಗಡ ತಂದು ಪಗಾರ ಕೊಟ್ಟರು. ಎರಡು ದಿನ ತಡ ಆಯ್ತು. ಆ ಎರಡು ದಿನ ಆ ಹೆಣ್ಣುಮಕ್ಕಳು ಬಂದು ಕೂತು ಎದ್ದು ಹೋಗಿದ್ದು ನನ್ನ ಕಣ್ಣೆದುರೇ. ಸಾಲ ನಾನು ತೀರಿಸಿದೆ, ಆದರೆ ಅದಕ್ಕೆ ಒಂಬತ್ತು ತಿಂಗಳು ಬೇಕಾಯ್ತು. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆಗೆದು ಎರಡು ದಿನದ ಲೆಕ್ಕ ಕೂಡಿಸಿ ನೋಡಿದೆ. ಆ ರಾತ್ರಿ ಆಡಿದ್ದು 6 ತಾಸು 50 ನಿಮಿಷ. ರೂಪಾಯಿಗಿಂತ ಆ ಸಂಖ್ಯೆ ನೋಡಿ ನನಗೆ ಹೆಚ್ಚು ಹೆದರಿಕೆ ಆಯ್ತು.

ಅಪ್ಪನ ಮಾತು ತಲೆಯಲ್ಲೇ ಉಳೀತು. ನಾವು ಎಲಿ ಆಡೋರು ಹೇಗೆ ಮಾತಾಡ್ತೀವಿ ಅಂತ ಗಮನ ಕೊಡೋಕೆ ಶುರು ಮಾಡಿದೆ. ಗೆದ್ದರೆ, "ಐದನೂರು ಹೊಡದೆ." ಹೊಡೆದವನು ನಾನು. ಸೋತರೆ, "ಐದನೂರು ಹೋಯ್ತು." ಈಗ ನಾನು ಎಲ್ಲೂ ಇಲ್ಲ. ದುಡ್ಡೇ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದಂಗೆ. ಟೈಮಿಗೂ ಹಾಗೇ ಮಾತಾಡ್ತೀವಿ. "ಟೈಮ್ ಹೆಂಗ ಹೋಯ್ತೋ ಗೊತ್ತಾಗ್ಲಿಲ್ಲ." ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತು ಇದೆ. ಕಳೆ. ಕಾಲ ಕಳೆಯೋದೂ ಅದೇ, ದುಡ್ಡು ಕಳೆಯೋದೂ ಅದೇ, ಶಾಲೆಯಲ್ಲಿ ಕೂಡಿಸೋ ಕಳೆಯೋ ಲೆಕ್ಕದ ಕಳೆಯೋದೂ ಅದೇ. ‘ಕಳೆದೆ’ ಅಂದರೆ ಅದರೊಳಗೆ ನಾನಿದೀನಿ. ‘ಹೋಯ್ತು’ ಅಂದರೆ ನಾನು ಜಾರಿಕೊಂಡೆ.

ಈಗ ವಾಚಿಗೆ ಬರ್ತೀನಿ. ಇದು ನಮ್ಮ ಮುತ್ಯಾಂದು. ಎಚ್‌ಎಂಟಿ ಜನತಾ, 17 ಜುವೆಲ್. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯ್ತು. ಮುಂದೆ ತುಮಕೂರಲ್ಲೂ ಒಂದು ಬಂತು. ನಿಮ್ಮ ಮನೆಯಲ್ಲಿ ಹಳೇ ಮದುವೆ ಫೋಟೊ ಇದ್ದರೆ ತೆಗೆದು ನೋಡಿ, ಮದುಮಗ ಅಂಗಿ ತೋಳು ಸ್ವಲ್ಪ ಮೇಲೆ ಸರಿಸಿಕೊಂಡು ನಿಂತಿರ್ತಾನೆ, ವಾಚು ಕಾಣಲಿ ಅಂತ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋಕೆ ಒಪ್ಪಿಗೆ ಕೊಡ್ತು. ಆದರೆ ಮುತ್ಯಾನ ವಾಚು ಟ್ರಂಕಿನಲ್ಲಿ ಇತ್ತು. ರಿಪೇರಿಯವರು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಕೊಟ್ಟರು. ಟಿಕ್ ಟಿಕ್ ಶುರುವಾಯ್ತು.

ಇದಕ್ಕೆ ಬ್ಯಾಟರಿ ಇಲ್ಲ. ದಿನಾ ಬೆಳಿಗ್ಗೆ ಚಾವಿ ಕೊಡಬೇಕು. ಮರೆತರೆ ನಿಲ್ತದೆ. ದಿನಕ್ಕೆ ಒಂದೆರಡು ನಿಮಿಷ ಹಿಂದೆ ಬೀಳ್ತದೆ. ಫೋನಿನಷ್ಟು ಕರೆಕ್ಟ್ ಇಲ್ಲವೇ ಇಲ್ಲ. ಮತ್ತೆ ಯಾಕೆ ಕಟ್ಟಿದೀನಿ ಅಂದರೆ, ಟೈಮ್ ನೋಡೋಕೆ ಅಂತ ಫೋನ್ ತೆಗೆದಾಗಲೆಲ್ಲ ನಾನು ಟೈಮ್ ನೋಡಿ ಫೋನ್ ಕೆಳಗೆ ಇಟ್ಟಿದ್ದೇ ಕಡಿಮೆ. ಒಂದು ನೋಟಿಫಿಕೇಶನ್, ಒಂದು ಆಫರ್, ಒಂದು ಟೇಬಲ್. ಆಟ ಇರೋ ಜಾಗದಲ್ಲೇ ಟೈಮೂ ಇದ್ದರೆ, ಟೈಮ್ ಕೇಳೋಕೆ ನಾನು ಜೂಜಿನ ಅಡ್ಡೆಗೇ ಹೋದಂಗೆ ಆಯ್ತಲ್ಲ. ಈ ವಾಚಿಗೆ ಟೈಮ್ ಬಿಟ್ಟು ಬೇರೇನೂ ಗೊತ್ತಿಲ್ಲ. ಅದೇ ಅದರ ದೊಡ್ಡತನ.

ಖರೇ ಹೇಳ್ತೀನಿ, ವಾಚು ಕಟ್ಟಿದ ಮೇಲೂ ಎರಡು ಸಲ ಆಡಿದೆ. ವಾಚು ತಾಯತ ಅಲ್ಲ. ಆದರೆ ಎರಡನೇ ಸಲ ಆಡುವಾಗ ಕೈ ಮೇಲೆ ಹನ್ನೊಂದೂ ಕಾಲು ಕಾಣಿಸ್ತು. ‘ನಲವತ್ತು ನಿಮಿಷ ಕಳೆದೆ’ ಅಂತ ಬಾಯಿಬಿಟ್ಟು ಹೇಳಿದೆ, ಒಬ್ಬನೇ ಇದ್ದೆ. ಫೋನ್ ಇಟ್ಟೆ.

2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡಿಟ್ಟು ಆಡೋ ಆನ್‌ಲೈನ್ ಆಟ, ಕೌಶಲದ್ದಿರಲಿ ಅದೃಷ್ಟದ್ದಿರಲಿ, ಎಲ್ಲಕ್ಕೂ ಆ ಕಾಯ್ದೆಯಲ್ಲಿ ನಿಷೇಧ. ದೊಡ್ಡ ಆ್ಯಪ್‌ಗಳು ಬಂದ್ ಮಾಡಿದವು. ಆದರೂ ಯಾವುದೋ ಲಿಂಕು, ಯಾವುದೋ ಗ್ರೂಪು ಅಂತ ಕರೆಯೋರು ಇನ್ನೂ ಇದಾರೆ. ಕಾಯ್ದೆ ಆ್ಯಪ್ ಬಂದ್ ಮಾಡಬಹುದು, ನಮ್ಮೊಳಗಿನ ‘ಇದೊಂದ ಆಟ’ ಬಂದ್ ಮಾಡೋಕೆ ಆಗಲ್ಲ.

ನಿಮ್ಮಲ್ಲಿ ಯಾರಾದರೂ ನಾನಿದ್ದ ಜಾಗದಲ್ಲಿದ್ದರೆ, ರಾತ್ರಿ ಒಬ್ಬರೇ ಲೆಕ್ಕ ಹಾಕ್ತಿದ್ದರೆ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮ್ ಚಟಕ್ಕೆ ಅಂತಲೇ ‘ಶಟ್’ ಅನ್ನೋ ಕ್ಲಿನಿಕ್ ಇದೆ. ಅದಕ್ಕೂ ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಿ. ‘ಹೋಯ್ತು’ ಅನ್ನಬೇಡಿ, ‘ಕಳೆದೆ’ ಅಂತ ಹೇಳಿ. ಮೊದಲ ಸಲ ಹೇಳುವಾಗ ಗಂಟಲು ಹಿಡೀತದೆ. ಹೇಳಿದ ಮೇಲೆ ಉಸಿರಾಡೋಕೆ ಬರ್ತದೆ.

ಹೋದ ದೀಪಾವಳಿಗೆ ನಾವು ಮೂವರೂ ಅಫಜಲಪುರದವನ ಮನೆಯಲ್ಲಿ ಸೇರಿದ್ವಿ. ಎಷ್ಟೋ ವರ್ಷದ ಮೇಲೆ ಎಲಿ ತೆಗೆದ್ವಿ. ಅದೇ ತೊಗರಿ, ಕಡಲಿ, ಶೇಂಗಾ. ನಾನು ವಾಚು ಬಿಚ್ಚಿ ನಡುವೆ ಇಟ್ಟೆ. ಒಂಬತ್ತರಿಂದ ಹನ್ನೊಂದು, ಅಷ್ಟೇ. ಹನ್ನೊಂದಕ್ಕೆ ಜೇವರ್ಗಿಯವ "ಇದೊಂದ ಆಟ" ಅಂದ. ನಾನು ಮಾತಾಡಲಿಲ್ಲ, ವಾಚು ತೆಗೆದು ಕೈಗೆ ಕಟ್ಟಿಕೊಂಡೆ. ಅವನು ತನ್ನ ಮುಂದಿದ್ದ ನಾಲ್ಕು ಕಾಳು ನೋಡಿ, "ಶೇಂಗಾ ಎಲ್ಲಾ ಹೋದ್ವಲ್ಲೋ" ಅಂದ. ಆಮೇಲೆ ತಾನೇ ನಕ್ಕು, "ಆಯ್ತು ಮಾರಾಯ, ಕಳದೆ, ನಾನೇ ಕಳದೆ" ಅಂದು ಭಜಿ ತರೋಕೆ ಎದ್ದ. ಅಷ್ಟೊತ್ತಿಗೆ ಅಂಗಡಿ ಮುಚ್ಚಿತ್ತು. ಕಳೆದಿದ್ದ ಶೇಂಗಾನೇ ಹುರಿದು ತಿಂದ್ವಿ.

ಜೇವರ್ಗಿ ಬಸ್ ಸ್ಟ್ಯಾಂಡಿನ ಆ ಹುಡುಗ ಇದನ್ನ ಕೇಳ್ತಿದ್ದರೆ, ತಮ್ಮಾ, ಇದೇ ನನ್ನ ಉತ್ತರ.

ಇಷ್ಟು ಹೊತ್ತು ಕೇಳಿದಿರಿ. ನಿಮ್ಮ ಟೈಮ್ ಹೋಯ್ತು ಅಂತ ನಾನೂ ಅನ್ನೋದಿಲ್ಲ. ನೀವು ಕೊಟ್ಟಿರಿ.