ಮಗುವಿನ ಕೊರಳಿನ ಬಾವು ಮತ್ತು ಸೂಜಿ ಪರೀಕ್ಷೆ



ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ತಾಯಿತಂದೆಯರಾದ ತಮ್ಮೊಡನೆ ಇಂದು ಒಂದು ಅಪರೂಪದ ರೋಗದ ವಿಷಯವಾಗಿ ಮಾತನಾಡಬಯಸುತ್ತೇನೆ.

ಕೊರಳಿನ ಮುಂಭಾಗದಲ್ಲಿ ಥೈರಾಯಿಡ್ ಎಂಬ ಗ್ರಂಥಿ ಇದೆ. ಇದು ಸ್ರವಿಸುವ ರಸವು ಮಗುವಿನ ಎತ್ತರಕ್ಕೂ ಬುದ್ಧಿಯ ಬೆಳವಣಿಗೆಗೂ ಅವಶ್ಯಕ. ಮಗು ನೀರು ನುಂಗುವಾಗ ಕೊರಳಿನ ಬಾವು ಮೇಲಕ್ಕೆ ಸರಿದರೆ ಅದು ಬಹುಮಟ್ಟಿಗೆ ಈ ಗ್ರಂಥಿಯದೇ. ಬರೆ ಹಾಕಿಸಬೇಡಿರಿ; ತಾನಾಗಿಯೇ ಕರಗೀತೆಂದು ಕಾಯಬೇಡಿರಿ.

ಅಯೋಡಿನ್ ಕೊರತೆಯಿಂದ ಗಳಗಂಡ ಬರುವುದನ್ನು ತಾವು ಕೇಳಿದ್ದೀರಿ. ಆದರೆ ಕೆಲವು ಮಕ್ಕಳಲ್ಲಿ ಅಯೋಡಿನ್ ಸಾಕಷ್ಟಿದ್ದರೂ ಗ್ರಂಥಿಯು ರಸವನ್ನು ತಯಾರಿಸಲಾರದು. ನೂಲು ತುಂಬಿದ್ದರೂ ಮಗ್ಗ ಕೆಟ್ಟರೆ ಸೀರೆ ಇಳಿಯದಷ್ಟೆ. ರಸ ಸಾಲದೆ ಗ್ರಂಥಿಯು ಹಿಗ್ಗುತ್ತ ಹೋಗುತ್ತದೆ. ಇದು ಹುಟ್ಟಿನಿಂದ ಬರುವ ದೋಷ.

ಬಾವಿನ ಕಾರಣ ತಿಳಿಯಲು ವೈದ್ಯರು ಮೊದಲು ರಕ್ತ ಪರೀಕ್ಷೆಯನ್ನೂ ಸ್ಕ್ಯಾನಿಂಗನ್ನೂ ಮಾಡಿಸುತ್ತಾರೆ. ಅಗತ್ಯವಿದ್ದರೆ ತೆಳು ಸೂಜಿಯಿಂದ ಕೆಲವು ಜೀವಕೋಶಗಳನ್ನು ಹೀರಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದರಲ್ಲಿ ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ. ಸೂಜಿ ಚುಚ್ಚಿದರೆ ಗಂಟು ಕ್ಯಾನ್ಸರ್ ಆಗುವುದೆಂಬ ಭಯಕ್ಕೆ ಆಧಾರವಿಲ್ಲ. ಮಕ್ಕಳಲ್ಲಿ ಥೈರಾಯಿಡ್ ಗಂಟುಗಳು ವಿರಳವಾದರೂ, ದೊಡ್ಡವರಿಗಿಂತ ಅವರ ಗಂಟುಗಳಲ್ಲಿ ಕ್ಯಾನ್ಸರಿನ ಪಾಲು ಹೆಚ್ಚು. ಆದುದರಿಂದ ವೈದ್ಯರು ಹೇಳಿದಾಗ ಪರೀಕ್ಷೆಯನ್ನು ಮುಂದೂಡಬಾರದು.

ಒಂದು ಮಾತನ್ನು ವಿಶೇಷವಾಗಿ ಗಮನಿಸಿರಿ. ಈ ಹುಟ್ಟುದೋಷದ ಗ್ರಂಥಿಯ ಜೀವಕೋಶಗಳು ಕೆಲವೊಮ್ಮೆ ಗೆಡ್ಡೆಯ ಜೀವಕೋಶಗಳಂತೆಯೇ ತೋರುತ್ತವೆ. ಸೂಜಿ ಪರೀಕ್ಷೆಗೆ ಹೋಗುವಾಗ ರಕ್ತ ಪರೀಕ್ಷೆಯ ಚೀಟಿಯನ್ನು ತಪ್ಪದೆ ಒಯ್ಯಿರಿ. ಎರಡನ್ನೂ ಕೂಡಿಸಿ ನೋಡಿದರೆ ಅನಾವಶ್ಯಕ ಶಸ್ತ್ರಚಿಕಿತ್ಸೆ ತಪ್ಪೀತು.

ಚಿಕಿತ್ಸೆ ಸರಳ. ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಗುಳಿಗೆ. ಬಾವು ಇಳಿಯಿತೆಂದು ನಿಲ್ಲಿಸಕೂಡದು. ಮೊದಲ 2-3 ವರ್ಷಗಳಲ್ಲಿ ಚಿಕಿತ್ಸೆ ತಪ್ಪಿದರೆ ಬುದ್ಧಿಗೆ ಆದ ಹಾನಿ ಪೂರ್ಣ ಸರಿಹೋಗದು.

ಈ ದೋಷ ಸಾಮಾನ್ಯವಾಗಿ ತಾಯಿ ಮತ್ತು ತಂದೆ, ಇಬ್ಬರಿಂದಲೂ ಬಂದು ಕೂಡಿದಾಗ ಪ್ರಕಟವಾಗುತ್ತದೆ. ಸೊಸೆಯೊಬ್ಬಳನ್ನೇ ದೂಷಿಸುವುದು ಅನ್ಯಾಯ. ಇಬ್ಬರಲ್ಲೂ ದೋಷ ಅಡಗಿದ್ದರೆ ಪ್ರತಿ ಬಸಿರಿನಲ್ಲಿಯೂ 4ರಲ್ಲಿ 1 ಪಾಲು ಸಂಭವವಿದೆ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ಮನೆತನಗಳಲ್ಲಿ ಹೀಗೆ ಕೂಡುವ ಸಂಭವ ಹೆಚ್ಚು. ಅಂತಹ ದಂಪತಿಗಳ ಮಕ್ಕಳಲ್ಲಿಯೂ ಬಹುಪಾಲು ಆರೋಗ್ಯವಂತರೇ, ಹೆದರಬೇಕಾಗಿಲ್ಲ. ಆದರೆ ಒಂದು ಮಗುವಿಗೆ ಈ ರೋಗವಿದ್ದರೆ, ಮುಂದಿನ ಕೂಸು ಹುಟ್ಟಿದ ಮೊದಲ ವಾರದೊಳಗೇ ಹಿಮ್ಮಡಿಯ ರಕ್ತ ಪರೀಕ್ಷೆ ಮಾಡಿಸಿರಿ.

ಇಂದೇ ಮಗುವಿನ ಕೊರಳನ್ನು ನೋಡಿರಿ. ಸಂಶಯವಿದ್ದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಕೂಡಿ ಬನ್ನಿರಿ.