ಹಾಸಿಗೆಗೆ ಬಿಸಿಲು

ಎದ್ದ ಕೂಡಲೇ ಸಾಲುಸಾಲು ಸೀನು, ಮೂಗಿನ ತುರಿಕೆ, ಕಣ್ಣಲ್ಲಿ ನೀರು. ಹೊತ್ತು ಏರಿದಂತೆ ತಾನಾಗಿ ಇಳಿಯುತ್ತದೆ, ಮರುದಿನ ಮತ್ತೆ ಅದೇ. ತಣ್ಣೀರು ಕುಡಿದೆ, ಮಂಜಿನಲ್ಲಿ ಓಡಾಡಿದೆ ಎಂದು ಮಗುವನ್ನು ಗದರುತ್ತೇವೆ. ರಾತ್ರಿಯಿಡೀ ಅದು ಮುಖವೊತ್ತಿ ಮಲಗಿದ ದಿಂಬನ್ನು ಮಾತ್ರ ನೋಡುವುದಿಲ್ಲ.

ಮನೆಯ ದೂಳು ಉಬ್ಬಸ ತರುತ್ತದೆಂಬುದು ಹಳೆಯ ತಿಳಿವಳಿಕೆ. ಆ ದೂಳಿನಲ್ಲಿ ಇರುವುದೇನು ಎಂಬುದು ಬಯಲಾದದ್ದು 1960ರ ದಶಕದಲ್ಲಿ, ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ. ಸಂಶೋಧಕ ವೂರ್‌ಹಾರ್ಸ್ಟ್ ಮತ್ತು ಸಂಗಡಿಗರು ಅಲ್ಲಿ ಒಂದು ನುಸಿಯನ್ನು ಗುರುತಿಸಿದರು. ಗಾತ್ರ ಮಿಲಿಮೀಟರಿನ ಮೂರನೇ ಒಂದು ಭಾಗ, ಅಷ್ಟೇ. ತಿಗಣೆಯಂತೆ ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಕಾಟವೆಲ್ಲ ಮುಖ್ಯವಾಗಿ ಅದರ ಹಿಕ್ಕೆಯದು. ಹೊದಿಕೆ ಕೊಡವಿದಾಗ ಆ ಪುಡಿ ಎದ್ದು ಮೂಗು ಸೇರುತ್ತದೆ.

ಈ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಆದ್ದರಿಂದಲೇ ಮಲೆನಾಡು, ಕರಾವಳಿಯ ಮಳೆಗಾಲ ಅದಕ್ಕೆ ಸುಗ್ಗಿ. ಗಾಳಿ ಒಣಗಿದರೆ ಅದೂ ಒಣಗಿ ಸಾಯುತ್ತದೆ. ಉತ್ತರ ಕರ್ನಾಟಕದಲ್ಲಿ ಮಹಾನವಮಿಗೆ ಮುಂಚೆ ಮನೆಯ ಕೌದಿ, ಕಂಬಳಿಯನ್ನೆಲ್ಲ ಹಳ್ಳಕ್ಕೆ ಹೊತ್ತೊಯ್ದು ಒಗೆದು, ಬಂಡೆಯ ಮೇಲೆ ಹರವುತ್ತಿದ್ದ ಹೆಣ್ಣುಮಕ್ಕಳ ದುಡಿಮೆ ಎಷ್ಟು ದೊಡ್ಡದು! ಮಳೆ ಕಳೆದು ಬಿಸಿಲು ಬಲಿಯುವ ಕಾಲ ಅದು.

ಬಿಸಿಲು ನುಸಿಯನ್ನು ಕೊಂದರೂ ಹಿಕ್ಕೆ ಉಳಿಯುತ್ತದೆ. ಹಾಗಾಗಿ ಕೊಡವಬೇಕು, ಅದೂ ಮನೆಯ ಹೊರಗೆ. ಉಬ್ಬಸ ಇರುವವರಿಂದ ಆ ಕೆಲಸ ಬೇಡ. ಹಾಸುಬಟ್ಟೆ, ದಿಂಬಿನ ಗವಸನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ, ಹಿಕ್ಕೆಯೂ ತೊಳೆದು ಹೋಗುತ್ತದೆ. ದಪ್ಪ ಫೋಮ್ ಹಾಸಿಗೆಯ ಒಳತನಕ ಬಿಸಿಲು ಇಳಿಯುವುದಿಲ್ಲ. ಅದಕ್ಕೆ ಜಿಪ್ ಇರುವ, ಒತ್ತಾದ ನೇಯ್ಗೆಯ ಗವಸು ತೊಡಿಸಿ. ವೈದ್ಯರು ಕೊಟ್ಟ ಔಷಧಿಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ನಗರದ ಎಷ್ಟೋ ವಸತಿ ಸಮುಚ್ಚಯಗಳಲ್ಲಿ ತಾರಸಿಗೆ ಬೀಗ. ಬಾಲ್ಕನಿಯಲ್ಲಿ ಹಾಸಿಗೆ ಹಾಕಿದರೆ ಅಂದ ಕೆಡುತ್ತದೆಂಬ ಆಕ್ಷೇಪ. ಮೇಲಿನ ಮಹಡಿಯಲ್ಲಿ ಉಸಿರಿಗೆ ತಡಕಾಡುವ ಮಗುವೊಂದು ಇರಬಹುದು. ನಿವಾಸಿಗಳ ಸಂಘದವರಲ್ಲಿ ನನ್ನ ಬೇಡಿಕೆ ಇಷ್ಟೇ: ವಾರಕ್ಕೊಂದು ಬೆಳಗ್ಗೆ ಆ ಬೀಗ ತೆಗೆಯಿರಿ, ಎರಡು ಹಗ್ಗ ಕಟ್ಟಿಸಿ.